ತಂಗೀ, ನನಗೆ ಐಫೋನ್ ಬೇಡ

ಹೊನ್ನಾವರ
ಶ್ರಾವಣದ ಮಳೆ, ರಾತ್ರಿ ಹತ್ತೂವರೆ

ಪ್ರೀತಿಯ ಮಗಳೇ, ತಂಗೀ,

ಮಳೆ ಹಿಡಿದು ಐದು ದಿನವಾಯ್ತು, ಬಿಡುವ ಲಕ್ಷಣ ಇಲ್ಲ. ಶರಾವತಿ ಕೆಂಪಗೆ ತುಂಬಿ ಹರಿಯುತ್ತಿದೆ. ಸಂಜೆಯಿಂದ ಮೂರು ಸಲ ಕರೆಂಟು ಹೋಯ್ತು, ಈಗ ಇನ್ವರ್ಟರಿನ ಬೆಳಕಿನಲ್ಲಿ ಕೂತು ಬರೆಯುತ್ತಿದ್ದೇನೆ. ಆಯಿ ನಿನಗೆಂದು ಹಲಸಿನ ಹಪ್ಪಳ ಕಟ್ಟಿಟ್ಟಿದ್ದಾಳೆ. ಬೆಂಗಳೂರಿಗೆ ಹೋಗುವವರು ಸಿಕ್ಕಿದರೆ ಕೊಟ್ಟು ಕಳಿಸುತ್ತೇನೆ, ಸಿಗದಿದ್ದರೆ ಚೌತಿಗೆ ಬಂದಾಗ ನೀನೇ ಒಯ್ಯಬೇಕು.

ಮೊನ್ನೆಯ ನಿನ್ನ ಮೆಸೇಜು ನೋಡಿದೆ. ‘ಅಪ್ಪಾ, ಸಂಬಳದಲ್ಲಿ ಉಳಿಸಿದ್ದೇನೆ. ಚೌತಿಗೆ ಬರುವಾಗ ನಿನಗೊಂದು ಐಫೋನ್ ತರ್ತೇನೆ. ಆ ಹಳೇ ಡಬ್ಬ ಬಿಸಾಡು.’ ಓದಿದವನೇ ಅಂಗಡಿಯ ಹುಡುಗನಿಗೆ ತೋರಿಸಿದೆ, ಚಾ ತಂದುಕೊಟ್ಟವನಿಗೂ ತೋರಿಸಿದೆ, ಮನೆಗೆ ಬಂದು ಆಯಿಗೆ ಎರಡು ಸಲ ಓದಿ ಹೇಳಿದೆ. ಉತ್ತರ ಬರೆಯಲು ಕೂತಾಗ ಮಾತ್ರ ಬೆರಳು ಓಡಲಿಲ್ಲ. ‘ಬೇಡ’ ಎಂದು ಎರಡಕ್ಷರ ಕಳಿಸಿದರೆ ನಿನಗೆ ಬೇಜಾರು. ಉದ್ದಕ್ಕೆ ಬರೆದರೆ ಹೆಬ್ಬೆರಳಿನ ಚಿತ್ರ ಒತ್ತಿ ಮುಂದೆ ಹೋಗುತ್ತೀಯ. ಅದಕ್ಕೇ ಈ ಕಾಗದ.

ನೀನು ತೊಟ್ಟಿಲಲ್ಲಿದ್ದಾಗ ನಾನು ದಿನಾ ಬಸ್ ಹತ್ತಿ ಭಟ್ಕಳಕ್ಕೆ ಹೋಗಿ ಈ ಫೋನ್ ರಿಪೇರಿ ಕೆಲಸ ಕಲಿತದ್ದು. ನೋಕಿಯಾ 1100 ಆಗಷ್ಟೇ ಬಂದಿತ್ತು. ತಲೆಗೆ ಟಾರ್ಚು, ಧೂಳು ಹೊಗದ ರಬ್ಬರ್ ಕೀಪ್ಯಾಡು. ಗಲ್ಫಿನಿಂದ ರಜೆಗೆ ಬಂದವರ ಕೈಯಲ್ಲಿ ನೋಕಿಯಾ 6600 ಇರುತ್ತಿತ್ತು, ನಾವು ಅದನ್ನು ದೇವರ ಪೆಟ್ಟಿಗೆಯ ಹಾಗೆ ಮುಟ್ಟುತ್ತಿದ್ದೆವು. ನನಗೆ ಕಲಿಸಿದ ಭಟ್ಕಳದ ಉಸ್ತಾದರು ಮೊದಲ ದಿನವೇ ಒಂದು ಮಾತು ಹೇಳಿದ್ದರು: ‘ಮೊದಲು ಗಿರಾಕಿಯ ಬಾಯಿ ಬಿಚ್ಚಿಸು, ಆಮೇಲೆ ಸ್ಕ್ರೂ ಬಿಚ್ಚು.’ ಆ ಮಾತನ್ನು ನಾನು ಒಂದೇ ಒಂದು ಸಲ ಮರೆತೆ. ಅದನ್ನು ಕೊನೆಗೆ ಹೇಳುತ್ತೇನೆ.

ಆಗ ನೋಕಿಯಾಕ್ಕೆ ಸಾವಿಲ್ಲ ಎಂದು ನಂಬಿದವರಲ್ಲಿ ನಾನೂ ಒಬ್ಬ. 2007ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ಐಫೋನ್ ತೋರಿಸಿದಾಗ ನಮ್ಮ ಪೇಟೆಯಲ್ಲಿ ಯಾರೂ ತಲೆಯೆತ್ತಿ ನೋಡಲಿಲ್ಲ. ಮರುವರ್ಷ ಮೊದಲ ಆಂಡ್ರಾಯ್ಡ್ ಫೋನ್ ಬಂತು, ಅದೂ ಗೊತ್ತಾಗಲಿಲ್ಲ. 2014ರಲ್ಲಿ ನೋಕಿಯಾದ ಫೋನ್ ವ್ಯಾಪಾರವೇ ಮೈಕ್ರೋಸಾಫ್ಟಿನ ಪಾಲಾಯಿತು, ಅವರ ವಿಂಡೋಸ್ ಫೋನೂ ಉಳಿಯಲಿಲ್ಲ. ಹಳೆಯ ಬ್ಲ್ಯಾಕ್‌ಬೆರಿಗಳ ಸೇವೆ 2022ರ ಜನವರಿ 4ಕ್ಕೆ ನಿಂತಿತು. ಅಂಗಡಿಯ ಕೆಳಗಿನ ಡ್ರಾಯರಿನಲ್ಲಿ ಇವೆಲ್ಲ ಒಂದರ ಮೇಲೊಂದು ಮಲಗಿವೆ. ನೀನು ಹಾವಿನ ಆಟ ಆಡುತ್ತಿದ್ದ ಆ 1100 ಕೂಡ ಅಲ್ಲೇ ಇದೆ. ಬ್ಯಾಟರಿ ಹಾಕಿದರೆ ಈಗಲೂ ಟಾರ್ಚು ಹತ್ತುತ್ತದೆ.

ಈಗ ಉಳಿದದ್ದು ಎರಡೇ. ಗಿರಾಕಿಗಳು ವ್ಯತ್ಯಾಸ ಕೇಳಿದಾಗ ನಾನು ಯಕ್ಷಗಾನದ ಆಟದ ಲೆಕ್ಕದಲ್ಲಿ ಹೇಳುತ್ತೇನೆ. ಆಂಡ್ರಾಯ್ಡ್ ಎಂದರೆ ಪ್ರಸಂಗ ಒಂದು, ಮೇಳ ಹಲವು. ಪ್ರಸಂಗ ಬರೆದವರು ಗೂಗಲ್ಲಿನವರು. ಸ್ಯಾಮ್ಸಂಗ್, ವಿವೋ, ರೆಡ್ಮಿ ತಂತಮ್ಮ ವೇಷಭೂಷಣದಲ್ಲಿ ಆಡುತ್ತಾರೆ. ಕೆಲವರ ಆಟ ಬೆಳಗಿನವರೆಗೂ ಕಳೆಗಟ್ಟುತ್ತದೆ, ಕೆಲವರದು ನಡುರಾತ್ರಿಗೇ ತೂಕಡಿಸುತ್ತದೆ. ಐಫೋನ್ ಹಾಗಲ್ಲ. ಪ್ರಸಂಗ ಅವರದೇ, ಮೇಳ ಅವರದೇ, ರಂಗಸ್ಥಳವೂ ಅವರದೇ. ಬೇರೆ ಯಾರೂ ಆಡುವ ಹಾಗಿಲ್ಲ. ಅದಕ್ಕೇ ಅಲ್ಲಿ ತಾಳ ತಪ್ಪುವುದು ಕಡಿಮೆ, ಟಿಕೆಟ್ಟು ದುಬಾರಿ.

ನಮ್ಮ ಕರಾವಳಿಯಲ್ಲಿ ಎರಡನ್ನೂ ತೂಗಬೇಕಾದ ತಕ್ಕಡಿ ಬೇರೆ. ಮೊದಲು ಭಾಷೆ. ನಿನಗೆ ನೆನಪಿದೆಯೋ ಇಲ್ಲವೋ, ಶುರುವಿನ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ತೆರೆದರೆ ಸಾಲುಸಾಲು ಚೌಕ ಡಬ್ಬಿ. ಹೇಗೋ ಅಕ್ಷರ ಮೂಡಿಸಿದರೂ ಒತ್ತು ಕಳಚಿ ಬೀಳುತ್ತಿತ್ತು. ನಮ್ಮೂರಿನ ಹೆಸರೇ ‘ಹೊನ್‌ನಾವರ’ ಎಂದು ಕೈಕಾಲು ಬೇರೆಯಾಗಿ ನಿಲ್ಲುತ್ತಿತ್ತು. ಪೇಪರ್ ಓದಬೇಕೆಂದು ಬಂದವರಿಗೆ ಒಪೆರಾ ಮಿನಿ ಹಾಕಿ, ಅದರ ಒಳಗಿನ ಒಂದು ಸೆಟ್ಟಿಂಗ್ ಬದಲಿಸಿ, ಅಕ್ಷರಗಳನ್ನು ಚಿತ್ರದ ಹಾಗೆ ತರಿಸಿಕೊಡುತ್ತಿದ್ದೆ. 2012ರಲ್ಲಿ ಆಂಡ್ರಾಯ್ಡ್ 4.1 ಬಂದ ಮೇಲೆ ಕನ್ನಡ ನೆಟ್ಟಗಾಯಿತು. 2014ರ ಲಾಲಿಪಾಪ್ ಆವೃತ್ತಿಯಲ್ಲಿ ಫೋನಿನ ಮೆನು ಪೂರ್ತಿ ಕನ್ನಡಕ್ಕೆ ಬಂತು. ಐಫೋನಿನಲ್ಲಿ ಆ್ಯಪಲ್ಲಿನದೇ ಕನ್ನಡ ಕೀಬೋರ್ಡ್ ಬಂದದ್ದು 2017ರಲ್ಲಿ, ಮೆನು ಕನ್ನಡವಾದದ್ದು 2025ರಲ್ಲಿ. ಹತ್ತು ವರ್ಷಕ್ಕೂ ಮೀರಿದ ಅಂತರ ಅದು. ಆ ಹತ್ತು ವರ್ಷದಲ್ಲಿ ನಿನ್ನ ಆಯಿ ಮೈಕಿನ ಗುರುತು ಒತ್ತಿ ‘ಗುಣವಂತೆ ಯಕ್ಷಗಾನ’ ಎಂದು ಹೇಳಿ ಆಟ ಹುಡುಕುವುದು ಕಲಿತಳು. ಈಗ ಅವಳಿಗೆ ಬೇರೆ ಮನೆಗೆ ಹೋಗು ಎಂದರೆ ಹೇಗೆ?

ಎರಡನೆಯದು ಉಪ್ಪು. ಹೋದ ವಾರ ಕಾಸರಕೋಡ ಟೊಂಕದಿಂದ ಮೀನುಗಾರರೊಬ್ಬರು ಬಂದಿದ್ದರು. ಮಗ ಕೊಡಿಸಿದ ಐಫೋನು, ದೋಣಿಯಿಂದ ಇಳಿಯುವಾಗ ನೀರಿಗೆ ಬಿದ್ದಿದೆ. ‘ನೀರು ಹೋಗುವುದಿಲ್ಲ ಅಂತ ಡಬ್ಬಿಯ ಮೇಲೇ ಬರೆದಿತ್ತಲ್ಲ’ ಅಂದರು. ಹೊಳೆಯ ಸಿಹಿನೀರಿಗೂ ಕಡಲಿಗೂ ವ್ಯತ್ಯಾಸವಿದೆ ಎಂದು ಅವರಿಗೆ ನಾನು ಹೇಳಿಕೊಡಬೇಕಾಯ್ತು, ನೋಡು! ನೀರು ತಡೆಯುವ ಪರೀಕ್ಷೆ ಮಾಡುವುದು ಸಿಹಿನೀರಿನಲ್ಲಿ, ಅದೂ ಹೊಸ ಫೋನಿಗೆ. ನೀರು ಹೊಕ್ಕು ಹಾಳಾದರೆ ವಾರಂಟಿಯೂ ಇಲ್ಲ. ಅವರು ಎರಡು ದಿನ ಅದನ್ನು ಅಕ್ಕಿಡಬ್ಬಿಯಲ್ಲಿ ಹೂತಿಟ್ಟಿದ್ದರು. ಅಘನಾಶಿನಿಯ ಗಜನಿ ಗದ್ದೆಯಲ್ಲಿ ಬೆಳೆಯುವ ನಮ್ಮ ಕುಮಟೆಯ ಕಗ್ಗ ಭತ್ತ ಉಪ್ಪುನೀರಿನಲ್ಲಿ ನಿಂತೇ ತೆನೆ ಬಿಡುತ್ತದೆ, ನಿಜ. ಆದರೆ ಫೋನಿನ ಉಪ್ಪನ್ನು ಹೀರುವ ಅಕ್ಕಿ ಯಾವ ಗದ್ದೆಯಲ್ಲೂ ಬೆಳೆದಿಲ್ಲ. ಚಾರ್ಜಿಂಗ್ ತೂತಿನೊಳಗೆ ಅಕ್ಕಿಹುಡಿ ಹೋಗಿ ಗಟ್ಟಿಯಾಗಿತ್ತು, ಅಷ್ಟೇ ಲಾಭ.

ಬಿಚ್ಚಿ ನೋಡಿದೆ. ಬೋರ್ಡಿನ ಅಂಚಿನಲ್ಲಿ ತಾಮ್ರದ ಚೊಂಬಿನ ಕಿಲುಬಿನಂಥ ಹಸಿರು, ಕನೆಕ್ಟರಿನ ಹಲ್ಲುಗಳ ಮಧ್ಯೆ ಬಿಳಿ ಪುಡಿ. ಹಲ್ಲುಜ್ಜುವ ಬ್ರಶ್ಶಿಗೆ ಐಪಿಎ ಸ್ಪಿರಿಟ್ ಹಾಕಿಕೊಂಡು ಒಂದೊಂದೇ ಹಲ್ಲು ತೊಳೆದೆ. ಫೋನ್ ಹತ್ತಿತು, ಆದರೆ ಡಿಸ್ಪ್ಲೇ ಹೋಗಿತ್ತು. ಹೊರಗಿನ ಡಿಸ್ಪ್ಲೇ ಕಾಂಬೋ ಹಾಕಿದೆ. ಕೂಡಲೇ ಸೆಟ್ಟಿಂಗ್ಸಿನಲ್ಲಿ ‘ಇದು ನಮ್ಮ ಭಾಗ ಅಲ್ಲ’ ಎಂಬರ್ಥದ ಎಚ್ಚರಿಕೆ ಬಂತು. ಅವರ ಮುಖ ಸಪ್ಪಗಾಯಿತು, ನಾನೇ ಏನೋ ಮೋಸ ಮಾಡಿದೆ ಎನ್ನುವ ಹಾಗೆ. ಆ್ಯಪಲ್ಲಿನವರು ಭಾಗಭಾಗವನ್ನೂ ಫೋನಿನ ಜೊತೆ ಗಂಟುಹಾಕಿರುತ್ತಾರೆ. 2024ರಿಂದ ಆ ಗಂಟು ಸ್ವಲ್ಪ ಸಡಿಲಿಸಿದ್ದಾರೆ, ಆದರೆ ಅದೂ ಅವರದೇ ಅಸಲಿ ಭಾಗಗಳಿಗೆ. ಅವರ ಸರ್ವಿಸ್ ಸೆಂಟರೇ ಬೇಕೆಂದರೆ ಮಂಗಳೂರಿಗೋ ಹುಬ್ಬಳ್ಳಿಗೋ ಹೋಗಬೇಕು. ಕಡಲಿಗೆ ಹೋಗುವವನ ಒಂದು ದಿನದ ದುಡಿಮೆ ಹೋಯ್ತು. ಅದೇ ರೆಡ್ಮಿಯ ಕಾಂಬೋ ಆದರೆ ಕುಮಟೆಯಿಂದ ಮಧ್ಯಾಹ್ನದ ಬಸ್ಸಿನಲ್ಲಿ ತರಿಸಿ ಸಂಜೆಗೆ ಹಾಕಿ ಕಳಿಸುತ್ತೇನೆ.

ಮೂರನೆಯದು, ನಮ್ಮವರು ಎಲ್ಲಿದ್ದಾರೆ ಎಂಬುದು. ಮೊನ್ನೆ ಭಟ್ಕಳಕ್ಕೆ ಹೋಗಿ ಉಸ್ತಾದರನ್ನು ನೋಡಿ ಬಂದೆ. ಕಣ್ಣು ಮಂಜಾಗಿದೆ, ಆದರೂ ನನ್ನ ಹೆಜ್ಜೆ ಸಪ್ಪಳಕ್ಕೇ ಹೆಸರು ಹಿಡಿದು ಕರೆದರು. ಅವರ ಮನೆಯ ಅಮ್ಮನಿಗೆ ದುಬೈಯಲ್ಲಿರುವ ಮಗ ಹೊಸ ಐಫೋನ್ ಕಳಿಸಿದ್ದಾನೆ. ಅದರ ದೊಡ್ಡ ಹೆಮ್ಮೆ ಫೇಸ್‌ಟೈಮ್. ಆದರೆ ಎಮಿರೇಟ್ಸಿನಲ್ಲಿ ಇಂಟರ್ನೆಟ್ ಕರೆಗೆ ಕಟ್ಟುಪಾಡು ಬಿಗಿ. ವಾಟ್ಸ್ಆ್ಯಪಿನ ಕರೆಯೂ ಅಲ್ಲಿ ಹೋಗುವುದಿಲ್ಲ, ಬೋಟಿಮ್‌ನಂಥ ಬೇರೆ ಆ್ಯಪ್ ಬೇಕು. ಅದು ಹತ್ತು ಸಾವಿರದ ಆಂಡ್ರಾಯ್ಡಿನಲ್ಲೂ ಇದೆ. ಆ ಅಮ್ಮ ಮಗನಿಗೆ ನವಾಯತಿ ಭಾಷೆಯಲ್ಲಿ ದನಿ ರೆಕಾರ್ಡ್ ಮಾಡಿ ಕಳಿಸುತ್ತಾರೆ, ಅವನು ಕೆಲಸ ಮುಗಿಸಿ ಕೇಳುತ್ತಾನೆ. ಲಕ್ಷದ ಫೋನಾಗಲಿ, ಹತ್ತು ಸಾವಿರದ್ದಾಗಲಿ, ಅವರಿಗೆ ಬೇಕಾದ್ದು ಆ ಮೈಕಿನ ಗುರುತು ಒಂದೇ. ಅಮೆರಿಕದಲ್ಲಿ ಮೆಸೇಜಿನ ಬಣ್ಣ ಐಫೋನಿನ ನೀಲಿಯೋ ಆಂಡ್ರಾಯ್ಡಿನ ಹಸಿರೋ ಎಂದು ಮಕ್ಕಳು ಮುನಿಸಿಕೊಳ್ಳುತ್ತಾರಂತೆ. ನಮ್ಮಲ್ಲಿ ಎಲ್ಲರೂ ವಾಟ್ಸ್ಆ್ಯಪಿನ ಒಂದೇ ಚಪ್ಪರದ ಕೆಳಗೆ ಇದ್ದೇವೆ.

ಇಷ್ಟು ಹೇಳಿದೆನೆಂದು ಅಪ್ಪ ಐಫೋನಿನ ಮೇಲೆ ಹಗೆ ಸಾಧಿಸುತ್ತಾನೆ ಎಂದುಕೊಳ್ಳಬೇಡ. ಕೆಲವು ವಿಷಯದಲ್ಲಿ ಅದೇ ಮೇಲು, ಗಿರಾಕಿಗೂ ಹಾಗೇ ಹೇಳುತ್ತೇನೆ. ಈಚೆಗೆ ‘ಮದುವೆ ಕರೆಯೋಲೆ’ ಎಂದು ವಾಟ್ಸ್ಆ್ಯಪಿಗೆ ಎಪಿಕೆ ಫೈಲು ಬರುತ್ತದಲ್ಲ, ಒತ್ತಿ ಒಳಗೆ ಬಿಟ್ಟುಕೊಂಡರೆ ಒಟಿಪಿ ಎಲ್ಲ ಕಳ್ಳನ ಕೈಗೆ. ಆ ಎಪಿಕೆ ನಡೆಯುವುದು ಆಂಡ್ರಾಯ್ಡಿನಲ್ಲಿ ಮಾತ್ರ. ಐಫೋನು ಹೊರಗಿನಿಂದ ಬಂದವರನ್ನು ಅಷ್ಟು ಸುಲಭಕ್ಕೆ ಜಗುಲಿ ಹತ್ತಿಸುವುದಿಲ್ಲ. ಯಾವ ಆ್ಯಪ್ ನಿನ್ನ ಬೆನ್ನು ಹತ್ತಿ ಬರಬಹುದು, ಯಾವುದು ಬೇಡ ಎಂದು ಅದು 2021ರಿಂದ ಕೇಳಿಯೇ ಬಿಡುತ್ತದೆ. ಗೂಗಲ್ಲಿನ ಗಂಜಿ ಬೇಯುವುದು ಜಾಹೀರಾತಿನ ಒಲೆಯಲ್ಲಿ, ಆ್ಯಪಲ್ಲಿನದು ಹೆಚ್ಚಾಗಿ ಫೋನ್ ಮಾರಿದ ದುಡ್ಡಿನಲ್ಲಿ. ಬುದ್ಧಿಯೂ ಆ ಪ್ರಕಾರವೇ. ಇನ್ನು ಅಪ್‌ಡೇಟು. ಐಫೋನಿಗೆ ವರ್ಷಗಟ್ಟಲೆ ಬರುತ್ತದೆ. ಈಗ ಪಿಕ್ಸೆಲ್ 8, ಗ್ಯಾಲಕ್ಸಿ ಎಸ್24ರಿಂದ ಈಚೆಗೆ ಅವರೂ ಏಳು ವರ್ಷ ಕೊಡುತ್ತೇವೆ ಎಂದಿದ್ದಾರೆ. ಅಗ್ಗದ ಎಷ್ಟೋ ಆಂಡ್ರಾಯ್ಡ್ ಮಾತ್ರ ಎರಡು ಮೂರು ವರ್ಷಕ್ಕೆ ಅನಾಥ. ಅದನ್ನೇ ಆರು ವರ್ಷ ಬಳಸುವವರು ನಮ್ಮ ಪೇಟೆಯಲ್ಲಿ ಎಷ್ಟು ಜನ ಬೇಕು?

ಈಗ ಉಸ್ತಾದರ ಮಾತು ಮರೆತು ಮಾಡಿದ ಆ ತಪ್ಪಿನ ವಿಷಯ. ನಿನಗೆ ಇದುವರೆಗೆ ಹೇಳಿರಲಿಲ್ಲ.

ನೀನು ಹೈಸ್ಕೂಲಿನಲ್ಲಿದ್ದಾಗ ಕುಮಟೆ ಕಡೆಯ ಒಬ್ಬ ಹೆಂಗಸು ಒಂದು ಸಾಧಾರಣ ಆಂಡ್ರಾಯ್ಡ್ ತಂದುಕೊಟ್ಟರು. ಆನ್ ಮಾಡಿದರೆ ಕಂಪನಿಯ ಹೆಸರು ಬಂದು ಅಲ್ಲೇ ನಿಲ್ಲುತ್ತಿತ್ತು. ಅಂಗಡಿ ತುಂಬ ಜನ, ಮುಖ ಎತ್ತದೆ ತೆಗೆದುಕೊಂಡೆ. ಸಾಫ್ಟ್‌ವೇರ್ ಹೊಡೆದರೆ ಸರಿಹೋಗುತ್ತದೆ ಎಂದು ಗೊತ್ತಿತ್ತು. ಹೊಡೆದೆ. ಇಪ್ಪತ್ತು ನಿಮಿಷದಲ್ಲಿ ಫೋನು ಹೊಸದರ ಹಾಗೆ ಹತ್ತಿತು. ಸಂಜೆ ಅವರು ಬಂದು ಗ್ಯಾಲರಿ ತೆರೆದು ನೋಡಿದರು, ರೆಕಾರ್ಡಿಂಗ್ ತೆರೆದು ನೋಡಿದರು, ಮತ್ತೊಮ್ಮೆ ಗ್ಯಾಲರಿ ನೋಡಿದರು. ಬೈಯಲಿಲ್ಲ. ‘ಅವರ ಫೋನಾಗಿತ್ತು. ಅವರು ಹೋಗಿ ಎರಡು ತಿಂಗಳಾಯ್ತು. ಮಾತಾಡಿದ್ದು ಇದರಲ್ಲಿತ್ತು’ ಅಂದರು, ನನ್ನ ಮಜೂರಿ ಎಷ್ಟು ಎಂದು ಕೇಳಿದರು. ನಾನು ದುಡ್ಡು ಮುಟ್ಟಲಿಲ್ಲ. ಮುಟ್ಟದಿದ್ದರೆ ಏನು ಬಂತು, ಹೋದದ್ದು ಹೋಯಿತು. ಒಂದು ಮಾತು ಕೇಳಿದ್ದರೆ ಬೇರೆ ದಾರಿ ಹುಡುಕುತ್ತಿದ್ದೆ, ಹುಬ್ಬಳ್ಳಿಗಾದರೂ ಕಳಿಸುತ್ತಿದ್ದೆ. ಅದು ಆಂಡ್ರಾಯ್ಡಿನ ತಪ್ಪಲ್ಲ, ಐಫೋನ್ ಆಗಿದ್ದರೂ ಉಳಿಯುತ್ತಿರಲಿಲ್ಲ. ತಪ್ಪು ಮುಖ ಎತ್ತದ ನನ್ನದು.

ಅಂದಿನಿಂದ ಫೋನ್ ಕೈಗೆ ತೆಗೆದುಕೊಂಡ ಕೂಡಲೇ ಮೊದಲು ಕೇಳುವುದು ‘ಇದರಲ್ಲಿ ಏನಿದೆ, ಯಾರದಿದೆ’ ಎಂದು. ಕಂಪನಿ ಯಾವುದು ಎಂದು ಆಮೇಲೆ ನೋಡುತ್ತೇನೆ.

ಅದಕ್ಕೇ ನಿನಗೆ ಹೇಳುವ ಬುದ್ಧಿಮಾತೂ ಇಷ್ಟೇ. ನೀನು ಐಫೋನ್ ತೆಗೆದುಕೊಳ್ಳುವುದಾದರೆ ತೆಗೆದುಕೋ. ನಿನ್ನ ಕೆಲಸಕ್ಕೆ, ನಿನ್ನ ಊರಿಗೆ ಅದು ಒಗ್ಗುತ್ತದೆ. ಕೆಟ್ಟರೆ ಸರ್ವಿಸ್ ಸೆಂಟರ್ ಬೀದಿಯಾಚೆಗೇ ಇದೆ. ಆ ಫೋನುಗಳಲ್ಲಿ ಕೆಲವನ್ನು ಜೋಡಿಸುವುದೂ ನಿನ್ನ ಪಕ್ಕದ ಕೋಲಾರದ ನರಸಾಪುರದಲ್ಲೇ. ಆದರೆ ಸಾಲದ ಕಂತಿನಲ್ಲಿ ಬೇಡ. ಐಕ್ಲೌಡಿನಲ್ಲಿ ಪುಕ್ಕಟೆ ಜಾಗ 5 ಜಿಬಿ ಮಾತ್ರ, ಗೂಗಲ್ಲಿನಲ್ಲಿ 15. ಎರಡೂ ಬೇಗ ತುಂಬುತ್ತವೆ. ವರ್ಷಕ್ಕೆರಡು ಸಲ ಎಲ್ಲವನ್ನೂ ಒಂದು ಹಾರ್ಡ್‌ಡಿಸ್ಕಿಗೆ ಇಳಿಸಿಡು. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಹಳೇ ಮಾಲೀಕನ ಐಕ್ಲೌಡ್ ಲಾಕ್ ತೆಗೆಸದೆ ದುಡ್ಡು ಕೊಡಬೇಡ. ಲಾಕ್ ಬಿದ್ದ ಎಷ್ಟೋ ಫೋನು ನನ್ನ ಕಪಾಟಿನಲ್ಲಿ ಕಾಗದದ ಮೇಲಿಡುವ ಕಲ್ಲಾಗಿ ಕೂತಿವೆ.

ನನಗೆ ಮಾತ್ರ ಬೇಡ. ಇಲ್ಲಿನ ಹೆಚ್ಚಿನ ಐಫೋನಿಗೆ ಒಂದೇ ಸಿಮ್ಮಿನ ತಟ್ಟೆ, ಇನ್ನೊಂದು ಇ-ಸಿಮ್. ನಾನು ದಿನಕ್ಕೆ ಹತ್ತು ಗಿರಾಕಿಗಳ ಸಿಮ್ ಹಾಕಿ ನೋಡುವವನು. ಘಟ್ಟದ ಮೇಲೆ ಆಯಿಯ ತೌರಿಗೆ ಹೋದರೆ ಬಿಎಸ್ಎನ್ಎಲ್ ಬಿಟ್ಟು ಬೇರೆ ಸಿಗ್ನಲ್ ಇಲ್ಲ. ಅದಕ್ಕಿಂತ ದೊಡ್ಡ ಕಾರಣ, ನನ್ನ ಬೆಂಚಿಗೆ ಬರುವ ನೂರು ಫೋನಿನಲ್ಲಿ ತೊಂಬತ್ತಕ್ಕೂ ಹೆಚ್ಚು ಆಂಡ್ರಾಯ್ಡ್. ಗಿರಾಕಿಯ ಮನೆಯಲ್ಲಿ ಏನಿದೆಯೋ ಅದೇ ನನ್ನ ಜೇಬಿನಲ್ಲಿದ್ದರೆ ಅವರ ತೊಂದರೆ ನನಗೆ ಮೊದಲೇ ಗೊತ್ತಾಗುತ್ತದೆ.

ಆದರೂ ನಿನ್ನ ಮೊದಲ ದುಡಿಮೆಯದು ಒಂದು ವಸ್ತು ನನಗೆ ಬೇಕೇ ಬೇಕು. ಈಗೀಗ ಸಣ್ಣ ಐಸಿಯ ಕಾಲು ಕಾಣುವುದಿಲ್ಲ. ದಪ್ಪ ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ಬೆಸುಗೆ ಹಾಕುತ್ತೇನೆ, ಒಂದು ಕೈ ಅದಕ್ಕೇ ಹೋಗುತ್ತದೆ. ಬೋರ್ಡ್ ಕೆಲಸದ ಮೈಕ್ರೋಸ್ಕೋಪ್ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ, ನೀನು ಕೊಡಿಸಹೊರಟ ಫೋನಿನ ಅರ್ಧ ಬೆಲೆಯೂ ಆಗುವುದಿಲ್ಲ. ಎರಡೂ ಕಣ್ಣಿಟ್ಟು ನೋಡುವಂಥದ್ದು, ಕೆಳಗೆ ಕೈಯಾಡಿಸಲು ಜಾಗ ಇರಬೇಕು, ಬಿಲ್ಲು ತಪ್ಪದೆ ತೆಗೆದುಕೋ. ರೈಲಿನಲ್ಲಿ ತರುವಾಗ ಮೇಲಿನ ಬರ್ತಿನಲ್ಲಿ ಇಡಬೇಡ, ತೊಡೆಯ ಮೇಲೆ ಇಟ್ಟುಕೊಂಡು ಬಾ.

ಚೌತಿಯ ಹಿಂದಿನ ದಿನವೇ ಬಂದುಬಿಡು. ಸ್ಟೇಷನ್ನಿಗೆ ನಾನೇ ಬರುತ್ತೇನೆ.

ನಿನ್ನ ಅಪ್ಪ