ತಂಪೆರೆಯ ಮೊದಲ ಚಳಿಗಾಲ

ನಾವು ದಂಪತಿಗಳಿಬ್ಬರೂ ಉನ್ನತ ವ್ಯಾಸಂಗಕ್ಕೆಂದು ಫಿನ್‌ಲೆಂಡಿನ ತಂಪೆರೆ ನಗರವನ್ನು ಸೇರಿದ್ದು 2022ರ ಆಗಸ್ಟ್ ಮೊದಲ ವಾರದಲ್ಲಿ. ಆ ಊರಿನವರು ತಮ್ಮ ಊರಿನ ಹೆಸರನ್ನು ಉಚ್ಚರಿಸುವುದೇ ಹಾಗೆ. ತಂಪನ್ನು ಎರೆಯುವ ಊರೆಂದು ಅರ್ಥ ಹಚ್ಚಿ ನಾವು ನಕ್ಕಿದ್ದೆವು. ರಾತ್ರಿ ಒಂಬತ್ತಾದರೂ ಸೂರ್ಯ ಮುಳುಗದ ಆ ದಿನಗಳಲ್ಲಿ ನಗುವುದು ಸುಲಭವಾಗಿತ್ತು.

ನವೆಂಬರದಲ್ಲಿ ನಗು ನಿಂತಿತು. ಹಿಮ ಬಿದ್ದು ನೆಲ ಬೆಳ್ಳಗಾದ ಮೇಲೆ ಎಷ್ಟೋ ವಾಸಿ. ಅದಕ್ಕೆ ಮುಂಚಿನ ಒದ್ದೆಯಾದ ಕಪ್ಪು ವಾರಗಳೇ ಕಠಿಣವೆಂದು ಯಾರೂ ನಮಗೆ ಹೇಳಿರಲಿಲ್ಲ. ಡಿಸೆಂಬರದ ನಡುವಿಗೆ ಬೆಳಗು ಒಂಬತ್ತೂವರೆಯ ಅನಂತರ, ಮಧ್ಯಾಹ್ನ ಮೂರಕ್ಕೆ ಅಸ್ತಮಾನ. ನಮ್ಮಲ್ಲೊಬ್ಬರು ಹಾಸಿಗೆ ಬಿಟ್ಟು ಏಳಲಾರದಾದೆವು. ಯಾರೆಂದು ಇಲ್ಲಿ ಹೇಳುವುದಿಲ್ಲ. ಎರಡು ವಾರ ಒಬ್ಬರು, ಆಮೇಲೆ ಇನ್ನೊಬ್ಬರು. ಸಂಜೆ ನಾಲ್ಕಕ್ಕೆ, ಎಂದರೆ ಊರಿನ ಏಳೂವರೆಗೆ, ಪೆರ್ಲದಿಂದ ಅಮ್ಮನ ದೂರವಾಣಿ ಬರುತ್ತಿತ್ತು. "ಬಿಸಿಲು ಉಂಟೋ ಮಕ್ಕಳೇ? ಹೊತ್ತು ಹೇಗೆ ಹೋಗ್ತದೆ?" ಎಲ್ಲವೂ ಸುಖವೆಂದು ಸುಳ್ಳಾಡಿ, ಬಳಿಕ ಮರಳುವ ವಿಮಾನದ ದರ ನೋಡುತ್ತಿದ್ದೆವು. ಅಪ್ಪ ಅಡಕೆ ತೋಟವನ್ನು ಅಡವಿರಿಸಿ ನಮ್ಮನ್ನು ಕಳುಹಿಸಿದ್ದರು. ಆ ತೋಟದ ನೆನಪೊಂದೇ ಟಿಕೆಟ್ಟು ಕೊಳ್ಳದಂತೆ ಕೈ ಹಿಡಿದಿತ್ತು.

ಕೆಳಗಿನ ಮನೆಯಲ್ಲಿ ವೃದ್ಧೆಯೊಬ್ಬರಿದ್ದರು. ನಾಲ್ಕು ತಿಂಗಳಲ್ಲಿ ನಮ್ಮೊಡನೆ ನಾಲ್ಕು ಮಾತು ಆಡಿದವರಲ್ಲ. ಒಂದು ಶನಿವಾರ ಮೆಟ್ಟಿಲಲ್ಲಿ ನಮ್ಮ ಮುಖ ನೋಡಿ, ಬೈರಾಸು ಮತ್ತು ಈಜುಡುಗೆ ಇವೆಯೇ ಎಂದಷ್ಟೇ ಕೇಳಿದರು. ಹಾಗೆ ನಾವು ನ್ಯಾಸಿಯಾರ್ವಿ ಸರೋವರದ ದಂಡೆಯ ರೌಹಾನಿಯೆಮಿ ಎಂಬ ಸಾರ್ವಜನಿಕ ಸೌನಾಕ್ಕೆ ಹೋದೆವು.

ಸೌನಾ ಎಂದರೆ ಮರದ ಹಲಗೆ ಹೊದಿಸಿದ ಬಿಸಿ ಕೋಣೆ. ಒಲೆಯ ಮೇಲೆ ಕಲ್ಲುಗಳ ರಾಶಿ. ಮೆಟ್ಟಿಲುಮೆಟ್ಟಿಲಾದ ಆಸನಗಳಲ್ಲಿ ಜನ. ಉಷ್ಣತೆ 80ರಿಂದ 100 ಡಿಗ್ರಿ. ಕಾದ ಕಲ್ಲಿನ ಮೇಲೆ ನೀರು ಚಿಮುಕಿಸಿದಾಗ ಏಳುವ ಹಬೆಗೆ ಅವರು ಲೊಯ್ಲು ಎನ್ನುತ್ತಾರೆ. ಸುಮಾರು 55 ಲಕ್ಷ ಜನರಿರುವ ಆ ದೇಶದಲ್ಲಿ ಸೌನಾಗಳ ಎಣಿಕೆ 30 ಲಕ್ಷದಷ್ಟೆಂದು ಅಂದಾಜು. 2020ರಲ್ಲಿ ಈ ಸಂಪ್ರದಾಯ ಯುನೆಸ್ಕೋ ಪಟ್ಟಿಯನ್ನೂ ಸೇರಿತು. ನಮಗೆ ಮಾತ್ರ ನೆನಪಾದದ್ದು ಊರಿನ ಬಚ್ಚಲುಮನೆ. ಸುರಂಗದ ನೀರು ತುಂಬಿದ ತಾಮ್ರದ ಹಂಡೆ, ಹೊಗೆಯಿಂದ ಕಪ್ಪಾದ ಗೋಡೆ, ಎಣ್ಣೆ ಹಚ್ಚಿ ಬೆನ್ನಿಗೆ ಸುಡುನೀರು ಹೊಯ್ಯುವ ಅಜ್ಜಿ. ಅಲ್ಲಿ ನೀರು ಮೈಮೇಲೆ, ಇಲ್ಲಿ ಕಲ್ಲಿನ ಮೇಲೆ. ಅಷ್ಟೇ ಭೇದವೆಂದು ನಿಟ್ಟುಸಿರಿಡುವಷ್ಟರಲ್ಲಿ, ಇನ್ನು ಹೊರಗೆ ನಡೆಯಿರಿ ಎಂದರು ಆ ತಾಯಿ.

ಹೊರಗೆ ಹೆಪ್ಪುಗಟ್ಟಿದ ಸರೋವರ. ದಂಡೆಯ ಬಳಿ ನೀರು ಹೆಪ್ಪುಗಟ್ಟದಂತೆ ತೆರವಿರಿಸಿದ ಒಂದು ಕಂಡಿ, ಅದರೊಳಗೆ ಇಳಿಯುವ ಏಣಿ. ಉಣ್ಣೆಯ ಟೊಪ್ಪಿ ಧರಿಸಿದ ಮುದುಕರು ಊರ ಕೆರೆಗಿಳಿದಂತೆ ನಿರಾತಂಕವಾಗಿ ಇಳಿಯುತ್ತಿದ್ದರು. ನಾವು ಮೊಣಕಾಲು ಮುಳುಗುವ ಮೊದಲೇ ಕಿರಿಚಿ ಓಡಿದೆವು. ಯಾರೂ ನಗಲಿಲ್ಲ. ಬಸ್ಸಿನಲ್ಲಿ ಪಕ್ಕ ಕುಳಿತರೂ ಮಾತಾಡದ ಜನ ಸೌನಾದ ಹಲಗೆಯ ಮೇಲೆ ಮಾತ್ರ ಎದೆ ಬಿಚ್ಚುತ್ತಾರೆ. ನವೆಂಬರ ತಮಗೂ ಕಷ್ಟವೇ, ಅದಕ್ಕೇ ಮನೆಯೊಳಗೆ ಕುಳಿತಿರಬಾರದು ಎಂದು ಒಬ್ಬರು ಹೇಳಿದಾಗ, ನಮ್ಮ ಸಂಕಟ ನಮ್ಮೊಬ್ಬರದಲ್ಲವೆಂದು ತಿಳಿದೇ ಅರ್ಧ ಭಾರ ಇಳಿಯಿತು.

ಮೂರನೆಯ ಶನಿವಾರ ಕೊರಳವರೆಗೆ ಇಳಿದೆವು. ನಾವು ಒಂದು, ಎರಡು ಎಂದು ಎಣಿಸಿದರೆ ಆಕೆ ದಂಡೆಯಿಂದ ಯುಕ್ಸಿ, ಕಕ್ಸಿ ಎನ್ನುವರು. ಹತ್ತಕ್ಕೆ ಮೇಲೇರಿದಾಗ ಮೈಯೆಲ್ಲ ಕೆಂಡ. ಆ ರಾತ್ರಿ ಎಷ್ಟೋ ವಾರಗಳ ಮೇಲೆ ನಿದ್ದೆ ಬಂದಿತು.

ಉಳಿದ ವಿನೋದಗಳೂ ಒಂದೊಂದಾಗಿ ಬಂದುವು. ಹಳೆಯ ಸಾಮಾನಿನ ಅಂಗಡಿಯಲ್ಲಿ ಸ್ಕೀಗಳನ್ನು ಕೊಂಡು ಕೌಪ್ಪಿ ಕಾಡಿನ ದೀಪದ ಹಾದಿಯಲ್ಲಿ ಜಾರಿದೆವು. ಜಾರಿದ್ದಕ್ಕಿಂತ ಬಿದ್ದದ್ದು ಹೆಚ್ಚು. ಪ್ಯೂನಿಕ್ಕಿ ಗೋಪುರದ ಕೆಳಗೆ ಬಿಸಿ ಡೋನಟ್ಟು ತಿಂದೆವು. ಸರೋವರದ ಮೇಲೆ ನಡೆಯುವ ಮೊದಲು, ಗಟ್ಟಿ ಮಂಜುಗಡ್ಡೆ ಕನಿಷ್ಠ 5 ಸೆಂಟಿಮೀಟರ್ ದಪ್ಪವಿರಬೇಕು, ಕೊರಳಿಗೆ ಮಂಜಿಗೆ ಚುಚ್ಚಿ ಮೇಲೇರುವ ಮೊಳೆಗಳ ಜೋಡಿ ತೂಗಬೇಕು ಎಂದು ಕಲಿತೆವು. ನಡುಸರೋವರದಲ್ಲಿ ತೂತು ಕೊರೆದು, ಪುಟ್ಟ ಗಾಳ ಇಳಿಬಿಟ್ಟು ಗಂಟೆಗಟ್ಟಲೆ ಮೌನವಾಗಿ ಕೂರುವವರನ್ನೂ ಕಂಡೆವು. ಮೀನು ತಿನ್ನದ ನಮಗೆ ಆ ಗಾಳದ ಪ್ರಯೋಜನವಿರಲಿಲ್ಲ; ಆ ಮೌನ ಮಾತ್ರ ಹಿಡಿಸಿತು.

ಫೆಬ್ರವರಿಯಲ್ಲಿ, ಹಗಲು ಬೆಳೆಯತೊಡಗಿದ ಮೇಲೆ, ಮಂಜಿನ ನೀರಿನ ಸ್ನಾನದ ಸಂಗತಿಯನ್ನು ಅಮ್ಮನಿಗೆ ತಿಳಿಸಿದೆವು. ಅತ್ತ ಕಡೆ ತುಸು ಹೊತ್ತು ಸದ್ದಿಲ್ಲ. "ಮರುಳೋ ನಿಮಗೆ?" ಎಂದರು. ಮತ್ತೆ ಮೆಲ್ಲನೆ, "ತಲೆ ಸರಿಯಾಗಿ ಒರೆಸಿಕೊಂಡಿರೋ?"

ನವೆಂಬರದ ಮಾತನ್ನು ಇಂದಿಗೂ ಅವರಿಗೆ ಹೇಳಿಲ್ಲ. ಈ ಸಂಚಿಕೆ ಪೆರ್ಲದ ಮನೆಗೆ ತಲುಪುವ ಮೊದಲು ಹೇಳಬೇಕಾಗಿದೆ.