ಸೊಸಿದಲ್ಲ ತಪ್ಪು, ಪ್ಲಗ್ಗಿನ ಗ್ಯಾಪಿಂದು

ಹೋದ ಸಲ ಕೆಂಪು ಮೆಣಸಿನಕಾಯಿ ಚಟ್ನಿ ಬರದಿದ್ದೆ. ಮಾಡಿ ನೋಡಿದವರೆಲ್ಲಾ ಛಲೋ ಆಗ್ಯದ ಅಂತ ಹೇಳಿದ್ರಿ, ಸಂತೋಷ ಆತು. ಈ ಸಲ ಅಡಿಗಿ ಮನಿ ಬಿಟ್ಟು ಕಾರಿನ ಬಾನೆಟ್ ತಗದು ನೋಡೋಣು. "ವೈನಿ, ಸ್ಪಾರ್ಕ್ ಪ್ಲಗ್ಗಿಗೂ ನಮಗೂ ಏನ್ ಸಂಬಂಧ್ರಿ?" ಅಂತ ಅನಬ್ಯಾಡ್ರಿ. ನಮ್ಮ ಓಣ್ಯಾಗ ಈಗ ಎಷ್ಟು ಹೆಣ್ಮಕ್ಕಳು ಕಾರ್ ನಡಸ್ತಾರ ಎಣಸ್ರಿ. ಗಾಡಿ ಏನರ ತ್ರಾಸ ಕೊಟ್ರ ಎಲ್ಲಾರೂ ಮೊದಲ ಯಾರ ಕಡೆ ಬೆರಳು ತೋರಸ್ತಾರ, ಅದನ್ನೂ ಎಣಸ್ರಿ. ಆಮ್ಯಾಲೆ ಇದನ್ನ ಓದ್ರಿ.

ನಮ್ಮ ಮಗನ ಕಡೆ ಇರೂದು ಒಂದು ಲೀಟರಿನ ಟರ್ಬೋ ಪೆಟ್ರೋಲ್ ಕಾರು, ಮೂರು ಸಿಲಿಂಡರಿಂದು. ಟರ್ಬೋ ಅಂದ್ರ ಏನು ಅಂತ ಮೊದಲ ಹೇಳಿಬಿಡ್ತೀನಿ. ಸೈಲೆನ್ಸರಿಗೆ ಹೋಗೋ ಬಿಸಿ ಹೊಗಿ ಒಂದು ಸಣ್ಣ ಚಕ್ರ ತಿರಗಸ್ತದ. ಅದಕ್ಕ ಜೋಡಿಸಿದ ಇನ್ನೊಂದು ಚಕ್ರ ಹೊರಗಿನ ಗಾಳಿ ಒತ್ತಿ ಒತ್ತಿ ಎಂಜಿನ್ನಿನ ಒಳಗ ತುಂಬತದ. ಗಾಳಿ ಹೆಚ್ಚು ಹೋತು ಅಂದ್ರ ಪೆಟ್ರೋಲೂ ಹೆಚ್ಚು ಸುಡಬಹುದು, ಶಕ್ತಿನೂ ಹೆಚ್ಚು. ನಮ್ಮ ಮಗಗ ಅಷ್ಟೂ ಸಾಲಲಿಲ್ಲ. ಒಂದು ಅಂಗಡ್ಯಾಗ ಎಂಜಿನ್ನಿನ ಕಂಪ್ಯೂಟರಿನ ಲೆಕ್ಕಾನ ಬದಲಿ ಮಾಡಿಸಿಕೊಂಡು ಬಂದ. ರೀಮ್ಯಾಪ್ ಅಂತಾರ ಅದಕ್ಕ. ಟರ್ಬೋ ಇನ್ನೂ ಜೋರ ಗಾಳಿ ತುಂಬತದ, 110ರ ಹತ್ತಿರ ಇದ್ದ ಹಾರ್ಸ್‌ಪವರ್ 135 ಆಗ್ತದ ಅಂತ ಹಿಗ್ಗಿಲೆ ಹೇಳಿದ. ಅಂಗಡಿಯವರು ಲೆಕ್ಕ ಬದಲಿ ಮಾಡಿದ್ರು, ಪ್ಲಗ್ಗಿನ ಕಡೆ ಮಾತ್ರ ಯಾರೂ ನೋಡಲಿಲ್ಲ. 40,000 ಕಿಲೋಮೀಟರ್ ಓಡಿದ ಹಳೇ ಪ್ಲಗ್ಗು ಹಂಗ ಉಳದ್ವು.

ದೀಪಾವಳಿ ಆದ ಮ್ಯಾಲೆ ನಾನು, ಸೊಸಿ, ಅಕಿ ಅವ್ವ, ಮೊಮ್ಮಗಳು ಅಂಕೋಲಾಕ್ಕ ಹೋಗಿದ್ವಿ. ಮಗಗ ರಜಾ ಇರಲಿಲ್ಲ. ವಾಪಸ್ ಬರೂ ಮುಂದ ಅರಬೈಲ್ ಘಟ್ಟ ಏರಬೇಕಲ್ಲಾ, ಸೊಸಿ ಗಾಡಿ ನಡಸ್ತಿದ್ಲು, ನಾನು ಮಗ್ಗಲಕ್ಕ ಕೂತಿದ್ದೆ. ಮುಂದೊಂದು ಲಾರಿ ಆಮಿ ಹಂಗ ಹೊಂಟಿತ್ತು. ರಸ್ತೆ ಖಾಲಿ ಕಂಡ ಕೂಡಲೇ ಇಂಡಿಕೇಟರ್ ಹಾಕಿ ಬಲಕ್ಕ ತಗೊಂಡ್ಲು, ಎಕ್ಸಿಲರೇಟರ್ ಒತ್ತಿದ್ಲು. ಗಾಡಿ ಮುಂದ ಹೋಗೂ ಬದ್ಲಿ ಗಕ್ ಗಕ್ ಅಂತ ಜಗ್ಗಲಿಕ್ಕೆ ಹತ್ತು. ಮೀಟರಿನ್ಯಾಗ ಎಂಜಿನ್ ಚಿತ್ರದ ಹಳದಿ ದೀಪ ಮಿಣಮಿಣ ಅಂತು. ಅಷ್ಟರಾಗ ತಿರವಿನಿಂದ ಬಸ್ಸು ಬಂತು. ಸೊಸಿ ಗಾಬರಿ ಆಗದ ಬ್ರೇಕ್ ಹಿಡದು ಲಾರಿ ಹಿಂದ ಮತ್ತ ಸೇರಿಸಿದ್ಲು. ಮೊಮ್ಮಗಳು ಹಿಂದ ನಿದ್ದಿ ಮಾಡ್ತಿತ್ತು, ಅದಕ್ಕ ಏನೂ ಗೊತ್ತಾಗಲಿಲ್ಲ. ನನ್ನ ಕೈ ಮಾತ್ರ ಯಲ್ಲಾಪುರ ಮುಟ್ಟೂತನಕ ನಡಗತಿತ್ತು.

ಮರುದಿನ ಮಗ ಹುಬ್ಬಳ್ಳ್ಯಾಗ ಎರಡು ಸುತ್ತು ಹಾಕಿ ಬಂದ. "ಗಾಡ್ಯಾಗ ಏನೂ ಇಲ್ಲ ಅವ್ವಾ. ಇಕೀನ ಗೇರ್ ತಪ್ಪಿ ಹಾಕಿರಬೇಕು" ಅಂದ. ಸೊಸಿ ತಿರಗಿ ಮಾತಾಡಲಿಲ್ಲ. ಆದ್ರ ಅವತ್ತಿನಿಂದ ಕೀಲಿ ಮುಟ್ಟಲಿಲ್ಲ, ಸಾಲಿಗೆ ಬಸ್ಸಿಗೆ ಹೋಗ್ಲಿಕ್ಕೆ ಹತ್ತಿದ್ಲು. ಮೂರು ವರ್ಷದಿಂದ ಒಂದು ಗೀರು ಬೀಳದಂಗ ಗಾಡಿ ನಡಸಿದ ಹುಡುಗಿ. ನಾನು ಕಣ್ಣಾರೆ ನೋಡೀನಿ, ಅಕಿ ಗೇರ್ ತಪ್ಪಿರಲಿಲ್ಲ. ಅದಕ್ಕ ನಮ್ಮ ಪರಿಚಯದ ಹಳೇ ಮಿಸ್ತ್ರಿ ಕಡೆ ನಾನ ಗಾಡಿ ಕಳಿಸಿದೆ. ಮಗನ್ನೂ ಕರಕೊಂಡು ಹೋದೆ.

ಮಿಸ್ತ್ರಿ ಸ್ಟೇರಿಂಗ್ ಕೆಳಗ ಒಂದು ಸ್ಕ್ಯಾನರ್ ಸಿಗಿಸಿದ. ಪಿ0302 ಅಂತ ಬಂತು. ಎರಡನೇ ಸಿಲಿಂಡರಿನ್ಯಾಗ ಪೆಟ್ರೋಲ್ ಹೊತ್ತಿಲ್ಲ, ಮಿಸ್ ಆಗ್ಯದ ಅಂತ ಅದರ ಅರ್ಥ. ಗಾಡಿ ತನ್ನ ಸಾಕ್ಷಿ ತಾನ ಬರದು ಇಟಗೊಂಡಿತ್ತು ನೋಡ್ರಿ. ಆಮ್ಯಾಲೆ ಎರಡನೇ ಸಿಲಿಂಡರಿನ ಕಾಯಿಲ್ ತಗದು ಒಂದನೇದಕ್ಕ ಹಾಕಿ, ಬೈಪಾಸ್ ರಸ್ತೆಗೆ ಒಯ್ದ. ನಾಲ್ಕನೇ ಗೇರಿನ್ಯಾಗ 2,000 ಆರ್‌ಪಿಎಮ್ ಇಟ್ಟು ಪೂರ್ತಿ ಒತ್ತಿದ. ಅದೇ ಗಕ್ ಗಕ್. ಮಿಸ್ ಎರಡನೇದ್ರಾಗ ಉಳೀತು. ಕಾಯಿಲ್ ಕೆಟ್ಟಿದ್ರ ಅದರ ಸಂಗತೀನ ಒಂದನೇದಕ್ಕ ಹೋಗಬೇಕಾಗಿತ್ತು. ಹಿಂಗಾಗಿ ಕಾಯಿಲ್ ಅಲ್ಲ, ಪ್ಲಗ್ಗು ಅಂತ ತಿಳೀತು. ಹಿಂದ ಕೂತ ನಮ್ಮ ಮಗ ಕಿಡಕಿ ಹೊರಗ ನೋಡ್ಕೋತ ಕೂತಿದ್ದ.

ಊರಾಗ ಯಾಕ ಏನೂ ಆಗಲಿಲ್ಲ, ಘಟ್ಟದಾಗ ಯಾಕ ಆತು? ಇದನ್ನ ದುರ್ಗದ ಬೈಲಿನ ಲೆಕ್ಕದಾಗ ಹೇಳ್ತೀನಿ. ಮುಂಜಾನೆ ಅಂಗಡಿ ತಗಿಯೂ ಮೊದಲ ಈ ಮಗ್ಗಲಿಂದ ಆ ಮಗ್ಗಲಿಗೆ ಎರಡು ಹೆಜ್ಜ್ಯಾಗ ದಾಟಬಹುದು. ಹಬ್ಬದ ಹಿಂದಿನ ದಿನಾ ಸಂಜಿಗೆ ಹೋಗ್ರಿ, ರಸ್ತೆ ಅಷ್ಟೇ ಅಗಲ ಇದ್ರೂ ದಾಟಾಕ ಆಗೂದಿಲ್ಲ. ಪ್ಲಗ್ಗಿನ ತುದ್ಯಾಗ ಎರಡು ಲೋಹದ ಚುಂಚು ಇರ್ತಾವ, ನಡುವ ಸಣ್ಣ ಗ್ಯಾಪು. ಕಿಡಿ ಆ ಗ್ಯಾಪು ಜಿಗೀಬೇಕು. ಊರಾಗ ಹಗೂರ ನಡಸೂ ಮುಂದ ಒಳಗ ಗಾಳಿ ಕಡಿಮಿ, ಕಿಡಿ ಆರಾಮ ದಾಟತದ. ಘಟ್ಟದಾಗ ನಾಲ್ಕು ಮಂದಿ, ಸಾಮಾನು, ಮ್ಯಾಲಿನ ಗೇರು, ಪೂರ್ತಿ ಒತ್ತಿದ ಕಾಲು: ಟರ್ಬೋ ಕೊನೀ ತನಕ ಗಾಳಿ ತುಂಬತದ. ಆ ಗದ್ಲದಾಗ ದಾಟಾಕ ಕಾಯಿಲ್ ಇನ್ನೂ ಹೆಚ್ಚು ವೋಲ್ಟೇಜ್ ಕೊಡಬೇಕು. ಅದರ ಕೈಲೆ ಆಗಲಿಲ್ಲ ಅಂದ್ರ ಕಿಡಿ ಬರೂದಿಲ್ಲ, ಗಾಡಿ ಜಗ್ಗತದ.

ಇದಕ್ಕ ಉಪಾಯ ಏನಪಾ ಅಂದ್ರ ರಸ್ತೆ ಸಣ್ಣ ಮಾಡೂದು, ಅಂದ್ರ ಗ್ಯಾಪು ಕಡಿಮಿ ಮಾಡೂದು. ನಮ್ಮ ಗಾಡಿಗೆ ಕಂಪನಿ ಹೇಳಿದ್ದು 0.8 ಮಿಲಿಮೀಟರ್. ಕಿಡಿ ಹಾರಿ ಹಾರಿ ಲೋಹ ಸವೀತದ, ಹಿಂಗಾಗಿ ಗ್ಯಾಪು ತಾನ ಹಿಗ್ಗತದ. ಮಿಸ್ತ್ರಿ ಅಳದ್ರ ಎರಡನೇ ಪ್ಲಗ್ಗು 0.9 ಆಗಿತ್ತು. ಗಾಳಿ ಹೆಚ್ಚು ಮಾಡಿದ ಗಾಡಿಗೆ ಗ್ಯಾಪು ಕಡಿಮಿ ಬೇಕು, ಇಲ್ಲಿ ಹೆಚ್ಚಾಗಿ ಕೂತಿತ್ತು. ಹೊಸಾ ಪ್ಲಗ್ಗಿಗೆ 0.65 ಇಡೋಣು ಅಂದ. "ಹಂಗಾರ ಇನ್ನೂ ಸಣ್ಣ ಮಾಡಿಬಿಡ್ರಿ" ಅಂದ ನಮ್ಮ ಮಗ. ಹಂಗ ಮಾಡಬಾರದಂತ. ಗ್ಯಾಪು ತೀರಾ ಸಣ್ಣದಾದ್ರ ಕಿಡಿನೂ ಸಣ್ಣದು, ಗಾಡಿ ನಿಂತಲ್ಲೆ ನಡಗತದ, ಪೆಟ್ರೋಲ್ ಸರಿ ಹೊತ್ತೂದಿಲ್ಲ. ಮಿಸ್ ಆಗದಷ್ಟು ಸಣ್ಣದಿರಬೇಕು, ಅದಕ್ಕಿಂತ ಸಣ್ಣದು ಬ್ಯಾಡ.

ಇನ್ನು ಪ್ಲಗ್ಗಿನ ಜಾತಿ. ಬಿಸಿ ಪ್ಲಗ್ಗು, ಥಂಡಿ ಪ್ಲಗ್ಗು ಅಂತ ಅದಾವ. ಥಂಡಿ ಅಂದ್ರ ಕಿಡಿ ತಣ್ಣಗ ಇರ್ತದ ಅಂತ ಅಲ್ಲ. ಕಾಸಿದ ಹಾಲಿನ ಪಾತೇಲಿ ನಾವು ನೀರಾಗ ಇಡ್ತೀವಲ್ಲಾ, ತಳಾ ಅಷ್ಟೇ ನೀರಾಗ ಇದ್ರ ಸಾವಕಾಶ ಆರತದ, ಕುತ್ತಿಗಿತನಕ ಮುಳಗಿದ್ರ ಲಗೂನ ಆರತದ. ಪ್ಲಗ್ಗಿನ ಬಿಳೇ ಪಿಂಗಾಣಿ ಮೂಗಿನ ಕತಿನೂ ಹಂಗ. ಮೂಗು ಉದ್ದ ಇದ್ರ ಬಿಸಿ ಹೊರಗ ಹೋಗಾಕ ಹೊತ್ತು ಹಿಡೀತದ, ಅದು ಬಿಸಿ ಪ್ಲಗ್ಗು. ಮೂಗು ಗಿಡ್ಡ ಇದ್ರ ಬಿಸಿ ಲಗೂ ಲೋಹಕ್ಕ ಇಳೀತದ, ಅದು ಥಂಡಿ ಪ್ಲಗ್ಗು. ತುದಿ 450 ಡಿಗ್ರಿಕಿಂತ ಕೆಳಗ ಇದ್ರ ಮಸಿ ಹಿಡೀತದ. 850 ದಾಟಿ ಮ್ಯಾಲೆ ಹೋದ್ರ ಕಿಡಿ ಬರೂ ಮೊದಲ ಪೆಟ್ರೋಲ್ ತಾನ ಹೊತ್ತಿ ಪಿಸ್ಟನ್ನಿಗೇ ಪೆಟ್ಟು ಬೀಳ್ತದ. ನಮ್ಮ ಹಳೇ ಪ್ಲಗ್ಗಿನ ಮೂಗು ತಿಳಿ ಕಂದು ಬಣ್ಣ ಇರೂ ಬದ್ಲಿ ಬೆಳ್ಳಗ ಸುಟ್ಟಿತ್ತು, ಮ್ಯಾಲೆ ಸಾಸಿವಿಕಿಂತ ಸಣ್ಣ ಕರೇ ಚುಕ್ಕಿ ಇದ್ವು. ಅದನ್ನ ನೋಡಿ ಮಿಸ್ತ್ರಿ ಒಂದು ಮೆಟ್ಟಲಾ ಥಂಡಿ ಪ್ಲಗ್ಗು ಹೇಳಿದ. ಎರಡು ಮೆಟ್ಟಲಾ ಬ್ಯಾಡ, ದಿನಾ ಸಾಲಿಗೆ ಹತ್ತು ನಿಮಿಷ ಓಡೂ ಗಾಡಿ, ಮಸಿ ಕಟ್ಟತದ ಅಂದ.

ಅಂಗಡ್ಯಾಗ ಇದನ್ನ ತಗೋಳೂ ಮುಂದ ನಂಬರ್ ನೋಡಿ ತಗೋರಿ. ಎನ್‌ಜಿಕೆ, ಡೆನ್ಸೋ ಪ್ಲಗ್ಗಿಗೆ ನಂಬರ್ ದೊಡ್ಡದಾದಂಗ ಥಂಡಿ. ಬಾಷ್ ಪ್ಲಗ್ಗಿಗೆ ಉಲ್ಟಾ, ನಂಬರ್ ಸಣ್ಣದಾದಂಗ ಥಂಡಿ. ಎನ್‌ಜಿಕೆ 7 ಇದ್ದ ಜಾಗಾಕ್ಕ ಒಂದು ಮೆಟ್ಟಲಾ ಥಂಡಿ ಬೇಕಂದ್ರ 8. ಡೆನ್ಸೋದಾಗ ಎನ್‌ಜಿಕೆ 7ಕ್ಕ 22, 8ಕ್ಕ 24 ಸರಿಹೊಂದ್ತಾವ. ಒಂದು ಕಂಪನಿ ಲೆಕ್ಕ ಇನ್ನೊಂದಕ್ಕ ಹಚ್ಚಿದ್ರ ಥಂಡಿ ಬೇಕಾದಲ್ಲೆ ಬಿಸಿ ಬರ್ತದ.

ಬಾಷ್ ಅಂದ್ರ ನಿಮಗ ಗೊತ್ತಾಗಲಿಕ್ಕಿಲ್ಲ, ಮೈಕೋ ಅಂದ್ರ ಗೊತ್ತಾಗ್ತದ. 1951ರಾಗ ಸುರು ಆದ ನಮ್ಮ ಮೈಕೋ ಕಂಪನಿ 2008ರಾಗ ಬಾಷ್ ಅಂತ ಹೆಸರು ಬದಲಿ ಮಾಡಿಕೊಂಡ್ತು. ನಮ್ಮ ಅಪ್ಪ ಐತವಾರಕ್ಕೊಮ್ಮೆ ಸ್ಕೂಟರಿನ ಮೈಕೋ ಪ್ಲಗ್ಗು ಬಿಚ್ಚಿ, ಪಾಲಿಶ್ ಕಾಗದದಿಂದ ತಿಕ್ಕಿ, ಗ್ಯಾಪಿನ್ಯಾಗ ಹ್ಯಾಕ್ಸಾ ಬ್ಲೇಡ್ ತೂರಿಸಿ ಅಳೀತಿದ್ರು. ಆ ಬ್ಲೇಡಿನ ದಪ್ಪಾನೂ ಹೆಚ್ಚು ಕಡಿಮಿ 0.6 ಮಿಲಿಮೀಟರ್. ಅಂದಾಜು ಅಂತ ನಾವು ತಿಳಕೊಂಡಿದ್ದು ಅಳತೀನ ಆಗಿತ್ತು.

ಆದ್ರ ಈಗಿನ ಇರಿಡಿಯಂ ಪ್ಲಗ್ಗಿಗೆ ಬ್ಲೇಡು, ಪಾಲಿಶ್ ಕಾಗದ ಎರಡೂ ನಡಿಯೂದಿಲ್ಲ. ನಡುವಿನ ಚುಂಚು 0.4 ಇಲ್ಲಾ 0.6 ಮಿಲಿಮೀಟರ್ ಅಷ್ಟೇ ದಪ್ಪ, ಬಳಿ ಪೆಟ್ಟಿಗ್ಯಾಗಿನ ಸೂಜಿ ಹಂಗ. ಅದಕ್ಕ ಒತ್ತು ಬಿದ್ರ ಮುರೀತದ, ಇಲ್ಲಾ ಪಿಂಗಾಣಿ ಸೀಳತದ. ತಂತಿ ಗೇಜಿನಿಂದ ಅಳೀಬೇಕು. ಬಗ್ಗಸೂದಿದ್ರ ಹೊರಗಿನ ಎಲ್ ಆಕಾರದ ಚುಂಚು ಅಷ್ಟೇ ಬಗ್ಗಸಬೇಕು, ಅದನ್ನೂ ನಡುವಿನ ಚುಂಚಿಗೆ ಆನಿಸಿ ಎತ್ತಬಾರದು. ಗೇಜ್ ಹೋಗೂ ಮುಂದ ಬಳಿ ಏರಿಸಿದಂಗ ಇರಬೇಕು, ಸ್ವಲ್ಪ ತಟ್ಟಬೇಕು, ಸಿಕ್ಕೊಬಾರದು. "ಡಬ್ಬ್ಯಾಗಿಂದ ಬಂದದ್ದು, ಅಳದೇ ಬಂದಿರ್ತದ" ಅಂತ ಹಂಗ ಹಾಕೂದು ಟ್ಯೂನ್ ಮಾಡಿದ ಗಾಡಿಗೆ ಆಗೂದಿಲ್ಲ. ಮೂರನ್ನೂ ಅಳೀಬೇಕು, ಮೂರೂ ಒಂದೇ ಬರಬೇಕು. ನಾನು ಮಗ್ಗಲಕ್ಕ ನಿಂತು ಮೂರೂ ಅಳಸಿದೆ.

ಹಾಕೂದೂ ಎಂಜಿನ್ ತಣ್ಣಗಾದ ಮ್ಯಾಲೆ. ಮೊದಲ ಪ್ಲಗ್ಗಿನ ಕುಣ್ಯಾಗಿನ ಧೂಳಿ ಗಾಳಿ ಹೊಡದು ತಗೀಬೇಕು, ಇಲ್ಲಾಂದ್ರ ಅದು ಸಿಲಿಂಡರಿಗೆ ಬೀಳ್ತದ. ಪ್ಲಗ್ಗು ಮೊದಲ ಕೈಯಿಂದನ ತಿರಗಿಸಿ, ಕಡೀಕ ಟಾರ್ಕ್ ಪಾನಾದಿಂದ ಬಿಗೀಬೇಕು. 12 ಮಿಲಿಮೀಟರ್ ಥ್ರೆಡ್ಡಿನ ಪ್ಲಗ್ಗಿಗೆ 15ರಿಂದ 20 ನ್ಯೂಟನ್ ಮೀಟರ್. ತಾಕತ್ತು ತೋರಸಾಕ ಹೋದ್ರ ಅಲ್ಯೂಮಿನಿಯಂ ಥ್ರೆಡ್ ಹರದು ಸಾವಿರದ ಕೆಲಸ ಲಕ್ಷಕ್ಕ ಹೋಗ್ತದ.

ಮೂರು ಪ್ಲಗ್ಗಿಗೆ ನಮಗ 2,700 ರೂಪಾಯಿ ಹತ್ತು. ಹಿಂತಿರಗಿ ಬೈಪಾಸಿಗೆ ಹೋಗಿ ಅದೇ ಗೇರು, ಅದೇ ಆರ್‌ಪಿಎಮ್ಮು, ಪೂರ್ತಿ ಒತ್ತಿದ್ರ ಗಾಡಿ ಬೆಣ್ಣ್ಯಾಗ ಚಾಕು ಹೋದಂಗ ಹೋತು. ಸ್ಕ್ಯಾನರಿನ್ಯಾಗ ಮಿಸ್ ಸೊನ್ನಿ. ಈ ಸಲ ನಡಸಿದಾಕಿ ಸೊಸಿ. ಫೋನ್ ಮಾಡಿ ಕರಸಿದವ ಮಗನ. "ನಿಂದೇನೂ ತಪ್ಪಿರಲಿಲ್ಲ" ಅಂತ ಮಿಸ್ತ್ರಿ ಎದುರಿಗೇ ಅಂದ. ಅಕಿ "ಗೊತ್ತಿತ್ತು" ಅಂದ್ಲು, ಅಷ್ಟ. ನಂಗ ಆ ಒಂದು ಮಾತು ಭಾಳ ಸೇರ್ತು.

ನಿಮ್ಮ ಮನ್ಯಾಗೂ ಟರ್ಬೋ ಗಾಡಿ ಟ್ಯೂನ್ ಮಾಡಸಾಕ ಹೊಂಟ ಮಕ್ಕಳು ಇದ್ರ ದುಡ್ಡು ಕೊಡೂ ಮೊದಲ ನಾಲ್ಕು ಮಾತು ಕೇಳ್ರಿ. ಪ್ಲಗ್ಗು ಎಷ್ಟು ಕಿಲೋಮೀಟರ್ ಓಡ್ಯಾವ? ಹೊಸಾವು ಯಾವ ನಂಬರಿನವು? ಗ್ಯಾಪು ಎಷ್ಟು ಇಡ್ತೀರಿ, ಅಳದು ತೋರಸ್ತೀರೇನು? ಗಾಡಿ ವಾರಂಟಿ ಉಳೀತದೇನು? ಈ ನಾಲ್ಕಕ್ಕ ನೆಟ್ಟಗ ಉತ್ತರ ಬರಲಿಲ್ಲ ಅಂದ್ರ ರೊಕ್ಕ ಸೆರಗಿನ್ಯಾಗ ಕಟಗೊಂಡು ಮನಿಗೆ ಬರ್ರಿ. ಮತ್ತ ಆ ಹಳದಿ ದೀಪ ಮಿಣಮಿಣ ಅಂದ್ರ ಎಕ್ಸಿಲರೇಟರಿನ ಕಾಲು ತಗದು, ಹಗೂರಕ ಮಗ್ಗಲಿಗೆ ನಿಲ್ಲಸ್ರಿ. ಸುಡದ ಪೆಟ್ರೋಲ್ ಸೈಲೆನ್ಸರಿನ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲೆ ಹೊತ್ತಿದ್ರ ಅದೂ ಕೆಡತದ, ಅದರ ಬೆಲಿ ಪ್ಲಗ್ಗಿನ ಎಷ್ಟೋ ಪಟ್ಟು.

ಮತ್ತೊಂದು ಮಾತು. ಗಾಡಿ ಜಗ್ಗಿದಾಗ ನಡಸಾಕಿ ಏನು ಹೇಳ್ತಾಳ, ಅದನ್ನ ಪೂರ್ತಿ ಕೇಳ್ರಿ. ಯಾವ ಗೇರು, ಏರು ಇತ್ತೋ ಇಲ್ಲೋ, ದೀಪ ಹತ್ತಿತ್ತೋ ಮಿಣಕತಿತ್ತೋ. ಮಿಸ್ತ್ರಿಗೆ ಅರ್ಧ ಉತ್ತರ ಅದರಾಗ ಇರ್ತದ. ಮುಂದಿನ ಸಲ ಶೇಂಗಾ ಹೋಳಿಗಿ ಬರೀತೀನಿ, ಎಲ್ಲಾರೂ ಆರಾಮ ಇರ್ರಿ.