ಹೊಳೆಗೆ ಬಿಟ್ಟ ಉಡಿ

ಸಂಕ್ರಮಣಕ್ಕೆ ನೀವೂ ಹೊಳೆಗೆ ಹೋಗುತ್ತೀರಲ್ಲವೇ? ನಮ್ಮ ಚಡಚಣದ ಕಡೆಯವರಿಗೆ ಹೊಳೆ ಎಂದರೆ ಭೀಮೆ. ಎಳ್ಳು ಅರೆದು ಮೈಗೆ ಹಚ್ಚಿಕೊಂಡು ಮುಳುಗು ಹಾಕಿ, ಹೊಳೆಗೆ ಉಡಿ ತುಂಬಿ, ದಂಡೆಯ ಮೇಲೆ ಬುತ್ತಿ ಬಿಚ್ಚಿ, ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಉಂಡು ಬರುವ ದಿನ ಅದು. 2024ರಲ್ಲಿ ಆ ದಿನವೇ ನನಗೂ ನನ್ನ ಅತ್ತೆಗೂ ಮಾತು ಬಿಟ್ಟಿತು ನೋಡಿ!

ಆದದ್ದಿಷ್ಟು. ಖಣ, ಕಾಯಿ, ಅರಿಷಿಣ-ಕುಂಕುಮ, ಬಳೆ ಎಲ್ಲವನ್ನೂ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲೇ ಗಂಟು ಕಟ್ಟಿ, ಕೈ ಮುಗಿದು, ಅತ್ತೆ ನೀರಿಗೆ ಬಿಟ್ಟರು. ನಾನು ಮೊಣಕಾಲುದ್ದ ನೀರಿಗಿಳಿದು ಅದನ್ನು ಹಿಡಿದು, ಉಡಿಯನ್ನು ನೀರಿಗೆ ಬಿಟ್ಟು, ಬರೀ ಚೀಲ ಹಿಂದಕ್ಕೆ ತಂದೆ. ದಂಡೆಯ ಹೆಂಗಸರೆಲ್ಲ ನೋಡುತ್ತ ನಿಂತರು.

"ತಾಯಿಗಿ ಕೊಟ್ಟ ಉಡಿಗಿ ಕೈ ಹಾಕ್ತಾರೇನ? ಸಾಲ್ಯಾಗ ಇದನ್ನ ಕಲ್ತೀಯೇನವ್ವಾ?"

ಬುತ್ತಿ ಗಂಟಲಲ್ಲಿ ಇಳಿಯಲಿಲ್ಲ. ಮನೆಯಲ್ಲೇ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ನಾಲ್ಕು ಮಂದಿಯ ಮುಂದೆ ಹಿರಿಯರ ಮುಖ ಸಣ್ಣದು ಮಾಡಿದೆನಲ್ಲ ಎಂದು ಈಗಲೂ ಅನ್ನಿಸುತ್ತದೆ.

ಒಂದು ಚೀಲಕ್ಕೆ ಇಷ್ಟು ರಾದ್ಧಾಂತವೇ ಎಂದಿರಾ? 2020ರ ಅಕ್ಟೋಬರದಲ್ಲಿ ಭೀಮೆ ಉಕ್ಕಿ ಇಳಿದ ಮೇಲೆ ದಂಡೆಯ ಜಾಲಿ ಗಿಡಗಳನ್ನು ನೀವು ನೋಡಬೇಕಿತ್ತು. ನೀರು ಏರಿದ ಎತ್ತರದವರೆಗೂ ಕೊಂಬೆ ಕೊಂಬೆಗೆ ಚೀಲದ ಚಿಂದಿ! ಪುಣೆಯ ಮುಳಾ-ಮುಠೆಯನ್ನು ಕೂಡಿಕೊಂಡು, ಉಜನಿ ಆಣೆಕಟ್ಟು, ಪಂಢರಪುರ ದಾಟಿ ಬರುವ ಹೊಳೆ ಇದು. "ಮ್ಯಾಲಿನವರು ಒಗೀತಾರ, ನಾವೇನ್ ಮಾಡೂಣು?" ಎನ್ನುವುದು ಸುಲಭ. ಆದರೆ ಗಾಣಗಾಪುರದ ಸಂಗಮದಲ್ಲಿ ಮೀಯುವವರಿಗೆ ನಾವೇ ಮೇಲಿನವರಲ್ಲವೇ?

ಕಾಯ್ದೆಯೇನೂ ಇಲ್ಲವೆಂದಲ್ಲ. 2016ರಲ್ಲಿ ನಮ್ಮ ರಾಜ್ಯ ಪ್ಲಾಸ್ಟಿಕ್ ಚೀಲ ನಿಷೇಧಿಸಿತು. 2022ರ ಜುಲೈ 1ರಿಂದ ಒಂದೇ ಸಲ ಬಳಸಿ ಬಿಸಾಡುವ ಹಲವು ಸಾಮಾನುಗಳಿಗೆ ದೇಶಕ್ಕೆಲ್ಲ ನಿಷೇಧ ಬಂತು. ಸಂತೆಯಲ್ಲಿ ಚೀಲ ಸಿಗುತ್ತಲೇ ಇದೆ.

ಧೂಳಖೇಡದ ಎದುರು ದಂಡೆಯ ಟಾಕಳಿಯಲ್ಲಿ ಕೇಂದ್ರ ಜಲ ಆಯೋಗದವರು ಹೊಳೆಯ ನೀರು ಅಳೆಯುತ್ತಾರೆ. ಕಸವನ್ನೂ ಹಾಗೆ ಅಳೆಯಬಹುದಂತೆ. ನೆದರ್‌ಲ್ಯಾಂಡ್ಸಿನ ಓಷನ್ ಕ್ಲೀನಪ್ ಸಂಸ್ಥೆ ಸೇತುವೆಗಳಿಗೆ ಕ್ಯಾಮೆರಾ ಕಟ್ಟಿ, ತೇಲಿ ಹೋಗುವುದರಲ್ಲಿ ಪ್ಲಾಸ್ಟಿಕ್ ಎಷ್ಟೆಂದು ಕಂಪ್ಯೂಟರಿನಿಂದ ಎಣಿಸುತ್ತದೆ. ಚೆನ್ನೈನ ಕೂವಂ ನದಿಗೆ 2017ರಲ್ಲಿ ಬೆಂಗಳೂರಿನ ಆಲ್ಫಾಮರ್ಸ್ ಕಂಪನಿಯ ತೇಲುಬೇಲಿ ಹಾಕಿದರು. ನೀರು ಅಡಿಯಿಂದ ಹರಿದುಹೋಗಿ, ಕಸ ಬೇಲಿಗುಂಟ ಸರಿದು ದಂಡೆಗೆ ಬಂದು ನಿಲ್ಲುತ್ತದೆ. ಕ್ಯಾಮೆರಾ ಇಲ್ಲದ ಕಡೆ ಸೇತುವೆಯ ಮೇಲೆ ನಿಂತು, ಗೊತ್ತಾದ ಹೊತ್ತಿನಲ್ಲಿ ಏನೇನು ತೇಲಿ ಹೋಯಿತೆಂದು ಕಣ್ಣಿನಿಂದಲೇ ಎಣಿಸಿ ಬರೆದುಕೊಳ್ಳುವುದೂ ಉಂಟು.

ಅಷ್ಟು ನಮ್ಮಿಂದಲೂ ಆದೀತಲ್ಲ! ನಾವು ಓಣಿಯ ನಾಲ್ಕು ಮಂದಿ ಮಗಳ ನೋಟುಬುಕ್ಕು, ಒಂದು ಉದ್ದನೆಯ ಗಳ ಹಿಡಿದು ಉಮರಾಣಿಯ ಬಾಂದಾರಕ್ಕೆ ಹೋದೆವು. ಅತ್ತೆಯೂ ಬಂದರು. ನನ್ನ ಮೇಲಿನ ಸಿಟ್ಟಿಗೋ, ಮನೆಯಲ್ಲಿ ಬೇಸರಕ್ಕೋ, ನಾನು ಕೇಳಲಿಲ್ಲ. ಗುಟ್ಕಾ ಚೀಟಿಯೇ ಹೆಚ್ಚೆಂದು, ಅಂದರೆ ಗಂಡಸರದೇ ತಪ್ಪೆಂದು, ನಾನು ಮೊದಲೇ ತೀರ್ಮಾನಿಸಿದ್ದೆ. ಪುಟ ತುಂಬಿದ್ದು ಗಂಟು ಕಟ್ಟಿದ ಚೀಲಗಳಿಂದ. ನಮ್ಮವೇ!

ಗಳಕ್ಕೆ ಸಿಕ್ಕ ಒಂದು ಚೀಲವನ್ನು ಅತ್ತೆ ತಾವೇ ಬಿಚ್ಚಿದರು. ಒಳಗೆ ಬೂಸಲು ಹಿಡಿದ ಖಣ, ನಾರುವ ಕಾಯಿ, ಮಡಚಿದ ಕಾಗದದಲ್ಲಿ ಕುಂಕುಮ ಇನ್ನೂ ಒಣಗಿದ್ದು ಒಣಗಿದಂತೆಯೇ.

ಬಹಳ ಹೊತ್ತು ನೋಡಿ, "ತಾಯಿಗಿ ಮುಟ್ಟೇ ಇಲ್ಲಲ್ಲವ್ವಾ ಇದು," ಎಂದರು.

ಎರಡು ವರ್ಷ ಕ್ಯಾಮೆರಾ ಕಟ್ಟಿ ಎಣಿಸಿದ್ದರೂ ನನಗೆ ಹೊಳೆಯದ ಮಾತು ಅದು.

2025ರ ಸಂಕ್ರಮಣಕ್ಕೆ ಅತ್ತೆ ಉಡಿಯನ್ನು ಮುತ್ತುಗದ ಎಲೆಯಲ್ಲಿ ತಂದರು. ಖಣವೂ ಹತ್ತಿಯದೇ, ಈಗ ಅಗ್ಗಕ್ಕೆ ಸಿಗುವ ಎಷ್ಟೋ ಖಣ ಪಾಲಿಯೆಸ್ಟರು, ಅಂದರೆ ಅದೂ ಪ್ಲಾಸ್ಟಿಕ್ಕೇ ಎಂದು ಹೇಳಿದ್ದೆ, ಈ ಸಲ ಮನೆಯಲ್ಲೇ! ನೀರಿನಂಚಿನಲ್ಲಿ ಒಂದು ಖಾಲಿ ಬುಟ್ಟಿ ಇಟ್ಟುಕೊಂಡು ಕೂತು, ಬಂದಬಂದವರಿಗೆಲ್ಲ ಹೇಳುತ್ತಿದ್ದರು: "ಚೀಲ ಇದರಾಗ ಹಾಕವ್ವಾ. ಬರೇ ಉಡಿ ಬಿಡು, ತಾಯಿಗಿ ಮುಟ್ಟಲಿ."